ಹವಳದ ಅಕ್ವೇರಿಯಂ: ನೀರಿನ ಬಿಸಿಯನ್ನೂ ಗಮನಿಸಿ

ಸಂಪಾದಕರೇ,

ಮನೆಯಲ್ಲಿ ಹವಳದ ಅಕ್ವೇರಿಯಂ ಇಟ್ಟವರು ಬೆಳಕಿಗೆ, ಉಪ್ಪಿಗೆ ಕೊಡುವಷ್ಟು ಗಮನವನ್ನು ನೀರಿನ ಬಿಸಿಗೆ ಕೊಡುವುದಿಲ್ಲ, ಅದಕ್ಕೇ ಈ ಪತ್ರ. 24ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಒಳ್ಳೆಯದು, ಜಾಸ್ತಿ ಏರಿಳಿತ ಮಾತ್ರ ಬೇಡ. 30 ದಾಟಿ ಕೆಲವು ದಿನ ಹಾಗೇ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಅದರ ಊಟದ ಬಹುಪಾಲು ಬರುವುದೇ ಆ ಪಾಚಿಯಿಂದ ಅಲ್ವಾ? ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ, ಮೀನಿಗೂ ಕಷ್ಟ.

ಚಿಲ್ಲರ್ (ನೀರು ತಂಪು ಮಾಡುವ ಯಂತ್ರ) ಇಲ್ಲ ಅಂತ ಸುಮ್ನೆ ಕೂರಬೇಡಿ. ಮುಚ್ಚಳ ತೆಗೆದು (ಜಿಗಿಯುವ ಮೀನಿದ್ದರೆ ಬಲೆ ಹಾಕಿ) ನೀರಿನ ಮೇಲೆ ಸಣ್ಣ ಫ್ಯಾನಿನ ಗಾಳಿ ಬಿಟ್ಟರೆ 2-3 ಡಿಗ್ರಿ ಇಳಿಯುತ್ತದೆ, ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅಷ್ಟು ಇಳಿಯದು. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ, ಹಾಗಾಗಿ ಕಡಿಮೆಯಾದಷ್ಟು ಉಪ್ಪಿಲ್ಲದ, ಶುದ್ಧೀಕರಿಸಿದ ಆರ್‌ಒ ನೀರನ್ನೇ ಸೇರಿಸಬೇಕು. ಮೊದಮೊದಲು ನಾನು ಉಪ್ಪುನೀರನ್ನೇ ಸುರಿದು ಕೆಟ್ಟೆ.

ಇನ್ನು ಹೀಟರ್. ಬಿಸಿ ನೋಡಿ ಅದನ್ನು ಆನ್-ಆಫ್ ಮಾಡುವ ಥರ್ಮೋಸ್ಟಾಟ್ ಆಫ್ ಆಗದೆ ಸಿಕ್ಕಿಕೊಂಡರೆ ಬೆಳಗಾಗುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ದೊಡ್ಡದೊಂದರ ಬದಲು ಚಿಕ್ಕವು ಎರಡು ಹಾಕಿ, ಬಿಸಿ ಮಿತಿ ಮೀರಿದರೆ ಹೀಟರ್ ಆಫ್ ಮಾಡುವ ಬೇರೆ ಕಂಟ್ರೋಲರ್ ಜೋಡಿಸಿ. ಥರ್ಮಾಮೀಟರನ್ನೂ ಆಗಾಗ ಇನ್ನೊಂದರ ಜೊತೆ ಹೋಲಿಸಿ ನೋಡಿ.

ಒಬ್ಬ ಓದುಗ