ಆಪರೇಷನ್ ಆದ ಮೇಲಿನ ವಾಂತಿಗೆ ಹೆದರಬೇಡ ಅವ್ವಾ

ಲೀಡ್ಸ್, ಇಂಗ್ಲೆಂಡ್

ಪ್ರೀತಿಯ ಅವ್ವನಿಗೆ ನಮಸ್ಕಾರಗಳು.

ಪಿತ್ತಕೋಶದ ಕಲ್ಲಿಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿಸುವುದು ನಿಕ್ಕಿಯಾಯಿತು ಎಂದು ಅಣ್ಣ ತಿಳಿಸಿದ. ಆಪರೇಷನ್ನಿಗಿಂತ ಆಮೇಲಿನ ವಾಂತಿಗೇ ನೀನು ಜಾಸ್ತಿ ಹೆದರಿದ್ದೀಯಂತೆ. ಗರ್ಭಕೋಶದ ಆಪರೇಷನ್ ಆದಾಗ ಹೊಲಿಗೆ ಒತ್ತಿ ಹಿಡಿದುಕೊಂಡು ರಾತ್ರಿಯೆಲ್ಲ ನೀನು ಒದ್ದಾಡಿದ್ದೆ, ನನಗೂ ಅದು ಮರೆತಿಲ್ಲ. ಆದರೆ ಅದನ್ನು ಸಹಿಸಲೇಬೇಕು ಅಂತೇನಿಲ್ಲ ಅವ್ವಾ. ಮೊದಲೇ ಔಷಧಿ ಕೊಟ್ಟು ತಡೆಯಬಹುದು. ನಾನು ಕೆಲಸ ಮಾಡುವ, ಆಪರೇಷನ್ ಆದವರು ಎಚ್ಚರಗೊಳ್ಳುವ ರಿಕವರಿ ವಾರ್ಡಿನಲ್ಲಿ ದಿನಾ ಅದನ್ನೇ ನೋಡುತ್ತೇನೆ.

ಆಗ ಬೆಟಗೇರಿಯಲ್ಲಿ ಎಲ್ಲರೂ ಪಿತ್ತ ಕೆರಳಿದೆ ಅಂದರು. ಪಿತ್ತ ಅಲ್ಲ. ಎಚ್ಚರ ತಪ್ಪಿಸುವ ಗ್ಯಾಸು, ನೋವಿಗೆ ಕೊಡುವ ಮಾರ್ಫಿನ್‌ನಂಥ ಔಷಧಿ, ಇವು ಮಿದುಳಿನಲ್ಲಿ ವಾಂತಿ ಎಬ್ಬಿಸುವ ಜಾಗವನ್ನು ಕೆಣಕುತ್ತವೆ. ಹೆಂಗಸರಿಗೆ, ಬೀಡಿ ಸಿಗರೇಟು ಸೇದದವರಿಗೆ, ಹಿಂದೊಮ್ಮೆ ಹೀಗಾದವರಿಗೆ ಅಥವಾ ಬಸ್ಸಿನಲ್ಲಿ ವಾಂತಿ ಬರುವವರಿಗೆ, ಆಮೇಲೆ ಮಾರ್ಫಿನ್‌ನಂಥದ್ದು ಬೇಕಾಗುವವರಿಗೆ ಇದು ಜಾಸ್ತಿ. ನಾಲ್ಕೂ ಕೂಡಿದರೆ, ತಡೆಯಲು ಏನೂ ಕೊಡದಿದ್ದಾಗ 100ರಲ್ಲಿ ಸುಮಾರು 80 ಮಂದಿಗೆ ಆಗುತ್ತದೆ. ಅರಬೈಲ್ ಘಟ್ಟ ಇಳಿಯುವಾಗ ನಿನ್ನ ಪಾಡು ಏನಾಗುತ್ತದೆ ಅಂತ ನಮಗೆಲ್ಲ ಗೊತ್ತಲ್ವಾ!

ಅರಿವಳಿಕೆ ಡಾಕ್ಟರು ಮೊದಲೇ ಬಂದು ಮಾತಾಡಿಸುತ್ತಾರೆ. ಹೋದ ಸಲದ ವಾಂತಿ, ಬಸ್ಸಿನ ವಾಂತಿ ಎರಡನ್ನೂ ಅವರಿಗೆ ಹೇಳು. ಅವರು ಕೇಳದಿದ್ದರೂ ಹೇಳು. ನಿನ್ನಂಥವರಿಗೆ ಒಂದೇ ಔಷಧಿ ಸಾಲದು, ಬೇರೆ ಬೇರೆ ಬಗೆಯವನ್ನು ಕೂಡಿಸಿ ಕೊಡುತ್ತಾರೆ. ಸಾಮಾನ್ಯವಾಗಿ ಎಚ್ಚರ ತಪ್ಪಿಸಿದ ಕೂಡಲೇ ಡೆಕ್ಸಾಮೆಥಸೋನ್, ಆಪರೇಷನ್ ಮುಗಿಯುವ ಹೊತ್ತಿಗೆ ಒಂಡಾನ್ಸೆಟ್ರಾನ್. ಎರಡನೆಯದು ನಿನಗೆ ಹೊಸದಲ್ಲ, ಅಣ್ಣನ ಮಕ್ಕಳಿಗೆ ವಾಂತಿಯಾದಾಗ ತರುವ ಎಮಿಸೆಟ್ ಅದೇ. ಗ್ಯಾಸು ಬಿಟ್ಟು, ಪ್ರೊಪೊಫಾಲ್ ಔಷಧಿಯನ್ನೇ ನರದಲ್ಲಿ ಹರಿಸುತ್ತ ಮಲಗಿಸಿದರೂ ವಾಂತಿ ಕಡಿಮೆ. ಯಾವುದು ಸರಿ ಅಂತ ಅವರು ನೋಡುತ್ತಾರೆ. ಡೆಕ್ಸಾಮೆಥಸೋನ್ ಸಕ್ಕರೆ ಏರಿಸಬಹುದು, ಅದಕ್ಕೆ ನಿನ್ನ ಶುಗರ್ ಗುಳಿಗೆಗಳ ಚೀಟಿಯನ್ನು ಮರೆಯದೆ ತೋರಿಸು.

ಎಚ್ಚರವಾದ ಮೇಲೆ ಹೊಟ್ಟೆ ತೊಳಸಿದರೆ ಹಲ್ಲು ಕಚ್ಚಿಕೊಂಡು ಸುಮ್ನೆ ಮಲಗಬೇಡ. ನೀನು ಹಾಗೇ ಮಾಡುತ್ತೀ, ನನಗೆ ಅದೇ ಚಿಂತೆ. ಸಿಸ್ಟರನ್ನು ಕೂಡಲೇ ಕರೆ. ಮೊದಲು ಕೊಟ್ಟದ್ದು ನಾಟದಿದ್ದರೆ ಬೇರೆ ಬಗೆಯ ಇಂಜೆಕ್ಷನ್ ಇದೆ. ಮನೆಗೆ ಹೋದ ಮೇಲೂ ಕೆಲವರಿಗೆ ಓಕರಿಕೆ ಬರುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿ ಅದಕ್ಕೂ ಗುಳಿಗೆ ಬರೆಸಿಕೊಳ್ಳಲು ಅಣ್ಣನಿಗೆ ಹೇಳಿದ್ದೇನೆ. ಈ ಪತ್ರವನ್ನೂ ಆಸ್ಪತ್ರೆ ಫೈಲಿನಲ್ಲಿ ಇಟ್ಟುಕೊಂಡಿರಲಿ.

ವೈನಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು.

ನಿನ್ನ ಮಗಳು