ಗುಂಡನಿಗೆ, ಕಾರಿನ ಅಡಿಯಿಂದ

ಗುಂಡ,

ಈ ಪತ್ರವನ್ನು ಕಾರಿನ ಅಡಿಯಲ್ಲಿ ಮಲಗಿಕೊಂಡು ಶುರು ಮಾಡಿದೆ. ಮೂರನೇ ಸಾಲಿಗೆ ಕಣ್ಣಿಗೆ ತುಕ್ಕಿನ ಪುಡಿ ಬಿತ್ತು. ಈಗ ಸ್ಟೂಲಿನ ಮೇಲೆ ಕೂತಿದ್ದೇನೆ. ಹೌದು, ಅದೇ ಸ್ಟೂಲು. ಇನ್ನೂ ಮೂರೇ ಕಾಲು.

ನಿನಗೊಬ್ಬನಿಗೇ ಬರೆಯಬಹುದಿತ್ತು. ಎಲ್ಲರಿಗೂ ಕಾಣುವ ಹಾಗೆ ಯಾಕೆ ಬರೆಯುತ್ತಿದ್ದೇನೆ ಅನ್ನೋದಕ್ಕೆ ಕಾರಣ ಇದೆ, ಆಮೇಲೆ ಬರುತ್ತೆ. ಉಳಿದವರು ಸುಮ್ನೆ ಓದಿಕೊಂಡು ಹೋಗಲಿ. ಮೇಷ್ಟ್ರ ಕೊಡೆ ಅಂದರೇನು ಅಂತ ಯಾರೂ ಕೇಳಬಾರದು.

ಮೊದಲು ವರದಿ. ಹಿಂದಿನ ಸ್ಪಿಂಡಲ್ ಪಿನ್ನು ಎರಡೂ ಹೊರಗೆ ಬಂದವು! ನಿಸ್ಸಾನ್‌ನ ಈ ಡಾಟ್ಸನ್ 240ಝಡ್ ಕಾರು ಬಿಚ್ಚಿದವರಿಗೆ ಈ ಒಂದು ಮಾತು ಸಾಕು, ಎದ್ದು ನಿಂತು ಕೈ ಮುಗಿಯುತ್ತಾರೆ. ಬಿಚ್ಚದ ಪುಣ್ಯವಂತರಿಗೆ ಹೇಳಬೇಕೆಂದರೆ, ಹಿಂದಿನ ಚಕ್ರದ ಕೆಳಗಿನ ತೋಳನ್ನು ಹಿಡಿದಿಡುವ ಉದ್ದನೆಯ ಸರಳು ಅದು. ಐವತ್ತು ವರ್ಷ ನೀರು ಕುಡಿದು ಬುಷ್ಷಿನ ಜೊತೆ ಒಂದೇ ಮೈ ಆಗಿಬಿಟ್ಟಿರುತ್ತೆ. ಎಣ್ಣೆ ಬಿಟ್ಟೆ. ಬೆಂಕಿ ತೋರಿಸಿದೆ. ಹೊಡೆದೆ, ಬೈದೆ, ಬೇಡಿಕೊಂಡೆ. ಎಂಟನೇ ದಿನ ಗ್ರೈಂಡರಿನಲ್ಲಿ ಕೊಯ್ದು ತೆಗೆದೆ. ಎಂಟೂ ದಿನ ನಿನ್ನ ನೆನಪು ಬಂತು, ಯಾಕೆಂದರೆ ಮೊದಲನೇ ದಿನವೇ ಕೊಯ್ಯೋಣ ಅಂತ ನೀನು ಹೇಳಿರುತ್ತಿದ್ದೆ.

ಎಂಜಿನ್ ಬಗ್ಗೆ ಚಿಂತೆ ಇಲ್ಲ. ಆ ಎಲ್24 ಯಾರ ಮೇಲೂ ಮುನಿಸಿಕೊಳ್ಳುವ ಜಾತಿಯದಲ್ಲ. ಸಾಲಾಗಿ ಆರು ಸಿಲಿಂಡರು, 2393 ಸಿಸಿ, ಇಷ್ಟು ವರ್ಷ ಧೂಳು ತಿಂದರೂ ಹೋದ ತಿಂಗಳು ನಾಲ್ಕನೇ ಸಲಕ್ಕೆ ಕೆಮ್ಮಿ ಎದ್ದಿತು. ಕಾರ್ಬ್ಯುರೇಟರುಗಳನ್ನು ಒಂದಕ್ಕೊಂದು ಹೊಂದಿಸುವುದು ಮಾತ್ರ ನನ್ನಿಂದ ಆಗಲಿಲ್ಲ. ಗೊತ್ತಲ್ಲ, ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬ್ಯುರೇಟರಿನ ಬಾಯಿಗೆ. ಎರಡರಲ್ಲೂ ಗಾಳಿ ಒಂದೇ ಥರ ಸ್ಸ್ ಅನ್ನಬೇಕು. ನಿನಗೆ ಕೂದಲೆಳೆ ವ್ಯತ್ಯಾಸವೂ ಕೇಳಿಸುತ್ತಿತ್ತು. ನನಗೆ ಎರಡೂ ಸೇರಿ ನನ್ನನ್ನೇ ಬೈಯುತ್ತಿರುವ ಹಾಗೆ ಕೇಳುತ್ತೆ.

ಇನ್ನು ನೆಲ.

ಈ ಕಾರಿಗೆ ತುಕ್ಕು ಹಿಡಿಯುವ ರೀತಿಯೇ ಕಳ್ಳನದು. ಬ್ಯಾಟರಿ ಕೂರುವ ತಟ್ಟೆಯ ಕೆಳಗೆ ಆಸಿಡ್ ಸೋರಿ ತಿನ್ನುತ್ತೆ. ಮುಂದಿನ ಗಾಜಿನ ಬುಡದಲ್ಲಿ ಎಲೆ ಕೂಡಿಕೊಂಡು ನೀರು ಒಳಗೆ ಇಳಿಯುತ್ತೆ. ಇವೆಲ್ಲ ಕಣ್ಣಿಗೆ ಕಾಣುವಂಥವು. ನೆಲದ ಕೆಳಗಿನ ಎರಡು ಉದ್ದನೆಯ ರೈಲುಗಳು ಹಾಗಲ್ಲ. ತೆಳು ತಗಡಿನ ಪೆಟ್ಟಿಗೆ ಅದು, ಒಳಗಿಂದ ಕೊಳೆಯುತ್ತೆ, ಹೊರಗೆ ಬಣ್ಣ ಚೆನ್ನಾಗೇ ಇರುತ್ತೆ. ಸುತ್ತಿಗೆಯಲ್ಲಿ ತಟ್ಟಬೇಕು. ಟಣ್ ಅಂದರೆ ಸರಿ. ದಪ್ ಅಂದರೆ ಕತೆ ಮುಗೀತು.

ನಾಲ್ಕು ವರ್ಷದ ಹಿಂದೆ ನಾವಿಬ್ಬರೂ ಸೇರಿ ಆ ನೆಲಕ್ಕೆ ತಗಡು ಹಾಕಿದ್ದು ನೆನಪಿದೆ ಅಲ್ವಾ? ಒಂದು ಬದಿ ನಿನ್ನದು, ಒಂದು ಬದಿ ನನ್ನದು. ವೆಲ್ಡಿಂಗ್ ಇಬ್ಬರಿಗೂ ಹೊಸದು. ತಗಡು ಒಂದು ಮಿಲಿಮೀಟರ್ ದಪ್ಪವೂ ಇಲ್ಲ. ಕರೆಂಟ್ ಜಾಸ್ತಿ ಇಟ್ಟರೆ ತೂತು. ತೂತಿಗೆ ಹೆದರಿ ಕಡಿಮೆ ಇಟ್ಟರೆ ಲೋಹ ಒಳಗೆ ಇಳಿಯುವುದೇ ಇಲ್ಲ, ಹಕ್ಕಿ ಹಿಕ್ಕೆ ಹಾಕಿದ ಹಾಗೆ ಮೇಲೆ ಕೂತುಬಿಡುತ್ತೆ.

ಆ ಹಿಕ್ಕೆಗೆ ನಾನು ಹೆಸರಿಟ್ಟೆ. "ಗುಂಡನ ವೆಲ್ಡಿಂಗ್." ನಮ್ಮ ಬಳಗದಲ್ಲಿ ಅದು ಗಾದೆಯೇ ಆಯಿತು. ಯಾರ ಕೆಲಸ ಒರಟಾದರೂ ಗುಂಡನ ವೆಲ್ಡಿಂಗ್. ಕೇಕಿನ ಮೇಲೆ ಕ್ರೀಮ್ ಸೊಟ್ಟಗಾದರೂ ಗುಂಡನ ವೆಲ್ಡಿಂಗ್. ಫೋಟೋ ತೆಗೆದಿಟ್ಟುಕೊಂಡು ಸಿಕ್ಕಿದವರಿಗೆಲ್ಲ ತೋರಿಸಿದೆ. ನೀನೂ ನಗುತ್ತಿದ್ದೆ.

ಮೊನ್ನೆ ಅಡಿಯ ಕಪ್ಪು ಲೇಪವನ್ನು ಪೂರ್ತಿ ಕೆರೆದು ತೆಗೆದೆ. ಬಲಗಡೆ ಉಳಿ ಇಟ್ಟು ಮೆಲ್ಲಗೆ ಒತ್ತಿದೆ ಅಷ್ಟೆ, ಹಿಕ್ಕೆಗಳು ಉದುರಿದವು. ಎಡಗಡೆ ಒಂದೂ ಅಲ್ಲಾಡಲಿಲ್ಲ. ಇಲ್ಲೊಂದು ಇಂಚು, ಅಲ್ಲೊಂದು ಇಂಚು, ತಗಡು ಕಾದು ಸೊಟ್ಟಗಾಗದ ಹಾಗೆ ಜಾಗ ಬಿಟ್ಟು ಬಿಟ್ಟು ಹಾಕಿದ ಹೊಲಿಗೆ. ಅದು ನನ್ನ ಕೆಲಸ ಅಂತ ನಾಲ್ಕು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ.

ಅದರ ಅಂಚಿನಲ್ಲಿ ಸೆಂಟರ್ ಪಂಚಿನ ಮೂರು ಚುಕ್ಕಿ ಇವೆ ಗುಂಡ.

ಚುಕ್ಕಿ ಹಾಕದೆ ಯಾವ ಕೆಲಸವನ್ನು ಮುಗಿಸಿದವನು ನೀನು? ನಿನ್ನ ಸೈಕಲ್ಲಿನ ಬೆಲ್ಲಿಗೂ ಇತ್ತಲ್ಲ.

ನೆಪ ಹೇಳಬಹುದು. ಕಾರಿನ ಕೆಳಗೆ ತಲೆ ಯಾವ ಕಡೆ ಇಟ್ಟು ಮಲಗುತ್ತೇವೆ ಅನ್ನೋದರ ಮೇಲೆ ಎಡ ಬಲ ಅದಲು ಬದಲಾಗುತ್ತೆ. ಒಳ್ಳೆ ನೆಪ. ಎರಡು ದಿನ ಅದನ್ನೇ ನಂಬಿಕೊಂಡಿದ್ದೆ.

ತಮಾಷೆ ಏನು ಗೊತ್ತಾ? ಈ ಕಾರಿನ ರೂಪ ಯಾರದು ಅಂತ ಊರಿಗೆಲ್ಲ ಭಾಷಣ ಮಾಡುವವನು ನಾನೇ. ಬಿಎಂಡಬ್ಲ್ಯು 507ಕ್ಕೆ ರೂಪ ಕೊಟ್ಟ ಆಲ್ಬ್ರೆಕ್ಟ್ ಗೋರ್ಟ್ಸ್ ಹೆಸರನ್ನು ಎಷ್ಟೋ ವರ್ಷ ಜನ ಇದಕ್ಕೂ ಅಂಟಿಸಿದರು. ಈ ಕಾರು ಬರುವ ಮೊದಲು ಅವರು ನಿಸ್ಸಾನ್ ಜೊತೆ ಕೆಲಸ ಮಾಡಿದ್ದು ನಿಜ. ಆದರೆ 1969ರಲ್ಲಿ ಹೊರಬಂದ ಈ ಝಡ್‌ನ ವಿನ್ಯಾಸ ತಂಡದ ಮುಖ್ಯಸ್ಥರು ಯೋಶಿಹಿಕೋ ಮಾತ್ಸುವೋ. ಯಾರಾದರೂ ಗೋರ್ಟ್ಸ್ ಅಂದರೆ ಸಾಕು, ನಾನು ಊಟ ಬಿಟ್ಟು ಜಗಳಕ್ಕೆ ನಿಲ್ಲುತ್ತೇನೆ. ಒಬ್ಬನ ಕೈಕೆಲಸವನ್ನು ಇನ್ನೊಬ್ಬನ ಹೆಸರಿಗೆ ಬರೆಯಬಾರದು ಅಂತ ಮೇಜು ಕುಟ್ಟುತ್ತೇನೆ. ಮೇಜು ಕುಟ್ಟುವಾಗ ನೀನೂ ಒಂದೆರಡು ಸಲ ಎದುರಿಗೇ ಇದ್ದೆ. ಹೇಗೆ ತಡೆದುಕೊಂಡೆಯೋ ಮಾರಾಯ.

ಇಲ್ಲಿಗೆ ನಿಲ್ಲಿಸಿ ಕ್ಷಮೆ ಕೇಳಿದ್ದರೆ ಪತ್ರ ಚೆಂದ ಇರುತ್ತಿತ್ತು. ಹಾಗೇ ಅಂದುಕೊಂಡು ಕೂತಿದ್ದೆ.

ಆ ಚುಕ್ಕಿಗಳನ್ನು ನಾನು ಮೊನ್ನೆ ಮೊದಲ ಸಲ ನೋಡಿದ್ದಲ್ಲ. ವೆಲ್ಡಿಂಗ್ ಆದ ಮುಂದಿನ ವರ್ಷವೇ ನೋಡಿದ್ದೆ. ಕೈಯಲ್ಲಿ ಟಾರ್ಚು ಇತ್ತು. ಅನುಮಾನಕ್ಕೆ ಜಾಗವೇ ಇರಲಿಲ್ಲ. ಒಂದು ನಿಮಿಷ ಹಾಗೇ ಮಲಗಿದ್ದೆ. ಆಮೇಲೆ ಕಪ್ಪು ಲೇಪದ ಡಬ್ಬಿ ತಂದು ಎರಡು ಕೈ ಬಳಿದೆ. ತುಕ್ಕು ಹಿಡಿಯಬಾರದು ಅಂತ. ನನಗೆ ನಾನು ಹೇಳಿಕೊಂಡಿದ್ದು ಹಾಗೆ.

ಬಳಿದ ಮೇಲೂ ಆ ಜೋಕನ್ನು ಎರಡು ಸಲ ಹೊಡೆದೆ. ಎರಡನೇ ಸಲ ನೀನು ಇಲ್ಲೇ, ಗ್ಯಾರೇಜಿನಲ್ಲೇ ಇದ್ದೆ. ನೀನು ನಕ್ಕೆ. ಆಮೇಲೆ ನಲ್ಲಿ ಹತ್ತಿರ ಹೋಗಿ ತುಂಬ ಹೊತ್ತು ಸೋಪು ಹಾಕಿ ಕೈ ತೊಳೆದೆ. ಆ ದಿನ ನೀನು ಏನನ್ನೂ ಮುಟ್ಟಿರಲಿಲ್ಲ. ಅದಾದ ಮೇಲೆ ಬರಲೇ ಇಲ್ಲ. ಯಾರಾದರೂ ಕೇಳಿದರೆ, "ಗುಂಡನಿಗೆ ಈಗ ಕೆಲಸ ಜಾಸ್ತಿ" ಅನ್ನುತ್ತಿದ್ದೆ. ನಿನಗೆ ಕೆಲಸ ಜಾಸ್ತಿ ಇತ್ತಾ? ನಾನು ವಿಚಾರಿಸಲೂ ಇಲ್ಲ.

ನಿನ್ನ ಮೇಲೂ ಸಿಟ್ಟಿದೆ, ಹೇಳಿಬಿಡುತ್ತೇನೆ. ಒಂದು ಸಲ "ಲೋ, ಅದು ನಿಂದು ಕಣೋ" ಅಂದಿದ್ದರೆ ಏನಾಗುತ್ತಿತ್ತು? ಕಾರಿನ ಕೆಳಗೆ ಬೆರಳು ತೋರಿಸಿದ್ದರೂ ಸಾಕಿತ್ತು. ನೀನು ಸುಮ್ಮನಿದ್ದೆ. ಸುಮ್ಮನಿದ್ದವನ ಎದುರು ಸುಳ್ಳು ಹೇಳೋದು ಬಹಳ ಸುಲಭ. ರೂಢಿ ಆಗಿಬಿಡುತ್ತೆ.

ಸಾಕು. ಸ್ಪಿಂಡಲ್ ಪಿನ್ನಿನ ಪರಾಕ್ರಮ ಬರೆಯೋಣ ಅಂತ ಕೂತವನು ಎಲ್ಲಿಗೋ ಬಂದೆ. ಇದೂ ಒಂದು ಮೇಷ್ಟ್ರ ಕೊಡೆ ಕೇಸು ಅಂತ ನೀನು ಅಂದರೆ ಒಪ್ಪುತ್ತೇನೆ.

ಓದುತ್ತಿರುವ ಬಳಗದವರ ಗಮನಕ್ಕೆ: ಇವತ್ತಿನಿಂದ ಗಾದೆಯಲ್ಲಿ ಹೆಸರು ಬದಲಾಗಿದೆ. ಯಾರ ಹೆಸರು ಅಂತ ಬಿಡಿಸಿ ಹೇಳಬೇಕಿಲ್ಲ. ಎಲ್ಲರಿಗೂ ಕಾಣುವ ಹಾಗೆ ಬರೆದಿದ್ದು ಇದಕ್ಕೇ. ಜೋಕು ಎಲ್ಲರೆದುರು ಹೊಡೆದಿದ್ದೆ, ಮೂಲೆಯಲ್ಲಿ ವಾಪಸ್ ತಗೊಳ್ಳೋದು ಸರಿ ಅನ್ನಿಸಲಿಲ್ಲ.

ಬಲಗಡೆಯ ತಗಡು ತೆಗೆದಾಯ್ತು. ಗ್ರೈಂಡರ್ ಬೇಕಾಗಲಿಲ್ಲ, ಹಪ್ಪಳ ಎತ್ತಿದ ಹಾಗೆ ಕೈಗೇ ಬಂತು. ಎಡಗಡೆ ಮುಟ್ಟುವುದಿಲ್ಲ. ಚುಕ್ಕಿಗಳ ಮೇಲೆ ಟೇಪು ಅಂಟಿಸಿ ಸುತ್ತ ಪ್ರೈಮರ್ ಹೊಡೆದೆ. ತಗಡನ್ನು ಬರಿದೇ ಬಿಟ್ಟಿದ್ದೀಯಲ್ಲೋ ಅಂತ ನೀನು ಬೈಯುವ ಮೊದಲೇ ಹೇಳುತ್ತೇನೆ, ಟೇಪು ಕಿತ್ತು ಕ್ಲಿಯರ್ ಲ್ಯಾಕರ್ ಕೂಡ ಹೊಡೆದಿದ್ದೇನೆ. ಬಗ್ಗಿ ನೋಡಿದರೆ ಕಾಣುತ್ತವೆ.

ಕಾರ್ಬ್ಯುರೇಟರನ್ನು ಮಾತ್ರ ಮುಟ್ಟಿಲ್ಲ. ಅಂದರೆ, ಮುಟ್ಟಿ, ಕೆಡಿಸಿ, ಬಟ್ಟೆ ಮುಚ್ಚಿದ್ದೇನೆ. ರಬ್ಬರ್ ಪೈಪು ಅದೇ ಮೊಳೆಗೆ ನೇತಾಡುತ್ತಿದೆ.

ಇಂತಿ,
ಬಲಗಡೆಯವನು

ತಾ.ಕ.: ಈಗಷ್ಟೇ ಸ್ಟೂಲಿಗೆ ನಾಲ್ಕನೇ ಕಾಲು ವೆಲ್ಡ್ ಮಾಡಿದೆ. ಬಂದರೆ ಅದರ ಮೇಲೆ ಕೂರಬೇಡ.