ಇಂಜಿನ್ ಬಿಸಿಯಾಗುವ ಗಾಡಿಗಳ ಚೆಕಿಂಗ್ ಬಗ್ಗೆ ನಮ್ಮ ಗ್ರಾಹಕರಿಗೆ

ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ, ಇಂಜಿನ್ ಓವರ್‌ಹೀಟ್ ಆಗ್ತಿದೆ ಅಂತ ಬರುವ ಕಾರುಗಳನ್ನು ಸಂಜೆಯೇ ತಂದು ರಾತ್ರಿ ನಮ್ಮಲ್ಲಿ ಬಿಡಬೇಕು. ಕಾರಣ ಹುಡುಕುವ ಕೆಲಸಕ್ಕೆ 900 ರೂಪಾಯಿ ಆಗುತ್ತದೆ. ರಿಪೇರಿ ನಮ್ಮಲ್ಲೇ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ. ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ಒಯ್ಯುವುದು ರೂಢಿಯಾದವರಿಗೆ ಇದರಿಂದ ತೊಂದರೆ ಆಗುತ್ತದೆ, ದಯವಿಟ್ಟು ಕ್ಷಮಿಸಿ. ದುಡ್ಡಿನ ವಿಷಯದಲ್ಲಿ ಮಾತ್ರ ನಮ್ಮ ಮಾತನ್ನೂ ಸ್ವಲ್ಪ ಕೇಳಿ.

"ಬಾನೆಟ್ ಎತ್ತಿ ನೋಡೋಕೂ ದುಡ್ಡಾ ಸ್ವಾಮಿ?" ಈ ಮಾತು ಕೇಳಿ ಕೇಳಿ ಸಾಕಾಗಿದೆ. ಬಾನೆಟ್ ಎತ್ತಿ ನೋಡಿದರೆ ಕಾಣುವಂಥದ್ದಾಗಿದ್ದರೆ ನಾವೂ ಕೇಳುತ್ತಿರಲಿಲ್ಲ. ಹೋದ ಬೇಸಿಗೆಯಲ್ಲಿ ಹಳೇ ಗಿರಾಕಿಯೊಬ್ಬರ ಗಾಡಿ ಬಂತು. ಬೇರೆ ಕಡೆ ರೇಡಿಯೇಟರ್ ಹೊಸದು ಹಾಕಿಸಿದ್ದರು, ಫ್ಯಾನ್ ಮೋಟಾರೂ ಹೊಸದು, ಆದರೂ ಇಂಜಿನ್ ಬಿಸಿ ತೋರಿಸುವ ಮೀಟರ್ ಮುಳ್ಳು ಮೇಲಕ್ಕೆ ಹೋಗುವುದು ನಿಂತಿರಲಿಲ್ಲ. ರಾತ್ರಿ ಇಟ್ಟುಕೊಂಡು, ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಬಾಯಿಗೆ ಪ್ರೆಶರ್ ಟೆಸ್ಟರ್ ಕೂರಿಸಿ ಪಂಪ್ ಹೊಡೆದೆವು. ಟೆಸ್ಟರ್ ಗೇಜ್ ನಿಧಾನಕ್ಕೆ ಇಳಿಯತೊಡಗಿತು, ಅಂದರೆ ಎಲ್ಲೋ ಸೋರುತ್ತಿದೆ. ಟಾರ್ಚ್ ಹಿಡಿದು ಹುಡುಕಿದರೆ, ವಾಟರ್ ಪಂಪ್ ಕೆಳಗಿನ ಸಣ್ಣ ತೂತಿನಲ್ಲಿ ಗುಲಾಬಿ ಬಣ್ಣದ ಒಂದು ಹನಿ ಕೂಲೆಂಟ್, ಅಂದರೆ ಇಂಜಿನ್ ತಣಿಸುವ ದ್ರವ. ಪಂಪಿನ ಸೀಲ್ ಹೋಗಿತ್ತು. ಇಂಜಿನ್ ಬಿಸಿ ಇದ್ದಾಗ ಆ ಹನಿ ನೆಲಕ್ಕೆ ಬೀಳುವ ಮೊದಲೇ ಆವಿಯಾಗುತ್ತದೆ, ಪಾರ್ಕಿಂಗಿನಲ್ಲಿ ಕಲೆ ಕೂಡ ಉಳಿಯುವುದಿಲ್ಲ. ಬಿಸಿ ಗಾಡಿ ತಂದು ನಿಲ್ಲಿಸಿ "ಈಗಲೇ ಹೇಳಿ" ಎಂದರೆ ಯಾವ ಮೆಕ್ಯಾನಿಕ್ಕೂ ಅದನ್ನು ಹಿಡಿಯಲಾರ. ರಾತ್ರಿ ಬಿಡಿ ಎನ್ನುವುದು ಇದಕ್ಕೇ.

ರೇಡಿಯೇಟರ್ ಕ್ಯಾಪ್ ವಿಷಯವೂ ಹೀಗೇ. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕ್ಯಾಪ್ ಒಳಗಿನ ಒತ್ತಡವನ್ನು ಹಿಡಿದಿಟ್ಟುಕೊಂಡರೆ ಕೂಲೆಂಟ್ 110 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಸ್ಪ್ರಿಂಗ್ ಸೋತ ಕ್ಯಾಪ್ ನೋಡಲು ಚೆನ್ನಾಗಿಯೇ ಇರುತ್ತದೆ, ಟೆಸ್ಟರಿಗೆ ಹಾಕಿದರೆ ಮಾತ್ರ ಬಣ್ಣ ಬಯಲಾಗುತ್ತದೆ. ಕೆಲವು ನೂರು ರೂಪಾಯಿಯ ಆ ಕ್ಯಾಪ್ ಬದಲಿಸಿ ಕಳಿಸಿದ ಗಾಡಿಗಳಿವೆ. ಅವುಗಳಿಗೆ ಹೊಸ ರೇಡಿಯೇಟರ್ ಹಾಕಿ ಬಿಲ್ ಮಾಡಿದ್ದರೆ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಪಾರ್ಟ್ ಹಾಕಿದರೆ ಕೊಡುತ್ತಾರೆ, ಪಾರ್ಟ್ ಬೇಡ ಎಂದು ಕಂಡುಹಿಡಿದ ಕೆಲಸಕ್ಕೆ ಕೊಡಲು ಬೇಜಾರು. ಹೀಗಾದರೆ ಪ್ರಾಮಾಣಿಕವಾಗಿ ಹುಡುಕುವವನು ಹೊಟ್ಟೆಗೆ ಏನು ಮಾಡಬೇಕು?

ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ಮೇಲಿನ ಭಾಗವಾದ ಹೆಡ್ಡಿನ ಕೆಳಗಿರುವ ಸೀಲ್, ಹೋಗಿದೆ ಎಂಬ ಅನುಮಾನ ಬಂದರೆ ನೀಲಿ ದ್ರವದ ಟೆಸ್ಟ್ ಮಾಡುತ್ತೇವೆ. ಸಿಲಿಂಡರಿನ ಹೊಗೆ ಕೂಲೆಂಟಿಗೆ ನುಗ್ಗುತ್ತಿದ್ದರೆ ಆ ನೀಲಿ ಹಳದಿಗೆ ತಿರುಗುತ್ತದೆ. ನೀವು ಪಕ್ಕದಲ್ಲೇ ನಿಂತು ನೋಡಬಹುದು. ಬಣ್ಣ ತಿರುಗದೆ, ಬೇರೆ ಗುರುತೂ ಸಿಗದೆ ಹೆಡ್ ಬಿಚ್ಚುವ ಮಾತನ್ನು ನಾವು ಎತ್ತುವುದಿಲ್ಲ.

ಇನ್ನೊಂದು, ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಕಿತ್ತು ಬಿಸಾಕಿ ಎಂದು ಕೇಳಿದರೆ ಇನ್ನು ಮುಂದೆಯೂ ಮಾಡಿಕೊಡುವುದಿಲ್ಲ. ಮುಳ್ಳು ಕೆಳಗಿಳಿದಂತೆ ಕಾಣಬಹುದು, ಆದರೆ ಇಂಜಿನ್ ಸರಿಯಾಗಿ ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ನಿಜವಾದ ತೊಂದರೆ ಒಳಗೇ ಬೆಳೆಯುತ್ತದೆ. ಅಲ್ಯೂಮಿನಿಯಂ ಹೆಡ್ ಒಮ್ಮೆ ಬಿಸಿಗೆ ಬಾಗಿದರೆ ಲೇತಿಗೆ ಕಳಿಸಿ ಫೇಸಿಂಗ್, ಅಂದರೆ ಮೈ ಸಮ ಮಾಡಿಸಬೇಕು. ಆ ಖರ್ಚಿನ ಮುಂದೆ ನಮ್ಮ 900 ಏನೂ ಅಲ್ಲ.

ಖರ್ಚಿನ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇವೆ. ಬಿಲ್ಲಿನಲ್ಲಿ ಲೇಬರ್ ಮೇಲೆ ಕಾಣುವ ಶೇಕಡಾ 18ರ ಜಿಎಸ್‌ಟಿ ಸರ್ಕಾರಕ್ಕೆ ಹೋಗುವ ದುಡ್ಡು, ಅದನ್ನು ನಮ್ಮ ಲಾಭ ಎಂದು ಬೈಯಬೇಡಿ. ಗಾಡಿಯ ದೋಷ ಓದುವ ಸ್ಕ್ಯಾನರ್ ಒಮ್ಮೆ ಕೊಂಡರೆ ಮುಗಿಯುವುದಿಲ್ಲ, ಹೊಸ ಗಾಡಿಗಳಿಗೆ ವರ್ಷವರ್ಷ ಅಪ್‌ಡೇಟಿಗೆ ಕಟ್ಟಬೇಕು. ಕೆಲಸ ಕಲಿತ ಹುಡುಗರಿಗೆ ಒಳ್ಳೆ ಸಂಬಳ ಕೊಡದಿದ್ದರೆ ಅವರು ನಿಲ್ಲುವುದಿಲ್ಲ. ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಅಗ್ಗದ ವಾಟರ್ ಪಂಪ್ ಸಿಗುತ್ತದೆ, ಅದು ನಮಗೂ ಗೊತ್ತು. ನಿಮ್ಮ ಗಾಡಿಗೆ ಹಾಕಲು ನಮಗೆ ಮನಸ್ಸು ಬರುವುದಿಲ್ಲ, ಅಷ್ಟೇ.

ಗಾಡಿ ಬಿಡುವಾಗ ನಮಗೆ ಬೇಕಾದ್ದು ನಿಮ್ಮ ಮಾತು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಬಿಸಿಯಾಗಿ ಏರ್‌ಪೋರ್ಟ್ ರಸ್ತೆಯಲ್ಲಿ ಜೋರಾಗಿ ಓಡುವಾಗ ತಣ್ಣಗಾಗುತ್ತದೋ? ಹಾಗಿದ್ದರೆ ಫ್ಯಾನು, ಅದನ್ನು ಆನ್ ಮಾಡುವ ರಿಲೇ, ಸೆನ್ಸರ್ ಕಡೆ ಮೊದಲು ನೋಡುತ್ತೇವೆ. ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ರಸ್ತೆ ಧೂಳು ಗಟ್ಟಿಯಾಗಿ ಕೂತಿದ್ದರೂ ಹೀಗಾಗುತ್ತದೆ. ಟ್ರಾಫಿಕ್‌ನಲ್ಲಿ ಸರಿಯಿದ್ದು ನಂದಿ ಬೆಟ್ಟ ಹತ್ತುವಾಗ, ಶಿರಾಡಿ ಘಾಟಿಯಲ್ಲಿ ಬಿಸಿಯಾದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಬೋರ್‌ವೆಲ್ ನೀರು ಹಾಕುತ್ತಾ ಬಂದಿದ್ದರೆ ಮುಚ್ಚಿಡದೆ ಹೇಳಿ, ಯಾರೂ ಬೈಯುವುದಿಲ್ಲ. ಆ ನೀರಿನ ಸುಣ್ಣವೇ ಒಳಗೆ ಕೂತು ದಾರಿ ಕಟ್ಟುವುದು.

ದಾರಿ ಮಧ್ಯೆ ಮುಳ್ಳು ಏರಿದರೆ ಎಸಿ ಆಫ್ ಮಾಡಿ, ಪಕ್ಕಕ್ಕೆ ಹಾಕಿ ಇಂಜಿನ್ ನಿಲ್ಲಿಸಿ. ಬಿಸಿ ಇರುವಾಗ ಕ್ಯಾಪಿಗೆ ಕೈ ಹಾಕಲೇಬೇಡಿ. ಮುಖ, ಕೈ ಸುಟ್ಟುಕೊಂಡವರನ್ನು ನೋಡಿದ್ದೇವೆ. ನಮಗೆ ಫೋನ್ ಮಾಡಿ, ಹೊತ್ತಲ್ಲದ ಹೊತ್ತಾದರೂ ಪರವಾಗಿಲ್ಲ. ಗಾಡಿ ಓಡಿಸಬಹುದೋ, ಟೋ ಮಾಡಿಸಬೇಕೋ ಹೇಳುತ್ತೇವೆ. ಅದಕ್ಕೆ ಚಾರ್ಜ್ ಇಲ್ಲ, ಮುಂದೆಯೂ ಇರುವುದಿಲ್ಲ. ರಾತ್ರಿ ಬಿಟ್ಟ ಗಾಡಿ ಶೆಡ್ಡಿನ ಒಳಗೇ ನಿಲ್ಲುತ್ತದೆ, ಬೀಗ ನಾವೇ ಹಾಕುತ್ತೇವೆ.

ಕೀ ಕೊಡಲು ಸಂಜೆ 7 ಗಂಟೆಯೊಳಗೆ ಬನ್ನಿ.

ಇಂತಿ,
ನಿಮ್ಮ ಗ್ಯಾರೇಜಿನವರು